ಅಂತರ್ಮುಖ–ಬಹಿರ್ಮುಖ ಸ್ವಭಾವಗಳು ಮತ್ತು ಕಾಯಕ

ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಮನೆಗೆ ಬಂದ ಅತಿಥಿಗಳನ್ನು ಬಾಗಿಲಲ್ಲಿಯೇ ಎದುರುಗೊಂಡು, ಊರುಕೇರಿಯ ಸುದ್ದಿಯನ್ನೆಲ್ಲ ವಿಚಾರಿಸಿ, ಅರ್ಧ ಗಳಿಗೆಯಲ್ಲಿ ಅವರ ಸ್ನೇಹವನ್ನು ಸಂಪಾದಿಸುತ್ತಾನೆ. ಇನ್ನೊಬ್ಬನು ಶರಣೆಂದು ಕೈಮುಗಿದು, ನೀರು ತಂದುಕೊಟ್ಟು, ಮೆಲ್ಲನೆ ಒಳಕೋಣೆಗೆ ಸರಿದು ತನ್ನ ಪುಸ್ತಕವನ್ನು ಬಿಚ್ಚುತ್ತಾನೆ. ಇಬ್ಬರೂ ಉಂಡ ಅನ್ನ ಒಂದೇ, ಬೆಳೆದ ಮನೆಯೂ ಒಂದೇ. ಆದರೂ ಒಬ್ಬನ ಮನಸ್ಸು ಹೊರಗೆ ಹರಿಯುತ್ತದೆ, ಮತ್ತೊಬ್ಬನದು ಒಳಗೆ ಹರಿಯುತ್ತದೆ. ತಾಯಿಯು ಇಬ್ಬರನ್ನೂ ಅವರವರ ರೀತಿಯಲ್ಲಿ ಅರಿತಿರುವುದರಿಂದ ಅವಳಿಗೆ ಇದೊಂದು ತೊಡಕೆನಿಸುವುದಿಲ್ಲ. ಆದರೆ ಅದೇ ಮಕ್ಕಳು ಬೆಳೆದು ಕಚೇರಿಗೋ ಕಾರ್ಖಾನೆಗೋ ಅಂಗಡಿಗೋ ಕಾಲಿಟ್ಟಾಗ, ಅಲ್ಲಿ ತಾಯಿಯ ಕಣ್ಣು ಇರುವುದಿಲ್ಲ. ಅಲ್ಲಿ ಮಾತಾಡಿದವನು ಬಲ್ಲವನೆಂದೂ, ಸುಮ್ಮನಿದ್ದವನು ಬಾರದವನೆಂದೂ ಬೇಗನೆ ತೀರ್ಮಾನವಾಗಿಬಿಡುತ್ತದೆ. ಈ ತೀರ್ಮಾನವು ಎಷ್ಟು ಮಟ್ಟಿಗೆ ಸರಿ? ಕಾಯಕವನ್ನು ಬದುಕಿನ ನಡುಮನೆಯಲ್ಲಿ ತಂದು ನಿಲ್ಲಿಸಿದ ಶರಣರ ದೃಷ್ಟಿಯಿಂದ ನೋಡಿದರೆ ಇದಕ್ಕೆ ಏನು ಬೆಲೆ? ಎಂಬ ಎರಡು ಪ್ರಶ್ನೆಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಮಾತುಗಳ ಅರ್ಥ

ಅಂತರ್ಮುಖ, ಬಹಿರ್ಮುಖ ಎಂಬ ಮಾತುಗಳು ನಮ್ಮಲ್ಲಿ ಹಳೆಯವು. ಆದರೆ ಇಂದು ಉದ್ಯೋಗಲೋಕದಲ್ಲಿ ಇವು ಬಳಕೆಯಾಗುವ ಅರ್ಥವು ಸ್ವಿಟ್ಜರ್ಲೆಂಡಿನ ಮನೋವೈದ್ಯರಾದ ಕಾರ್ಲ್ ಗುಸ್ತಾವ್ ಯೂಂಗ್ ಎಂಬವರಿಂದ ಪ್ರಚಾರಕ್ಕೆ ಬಂದುದು. 1875ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡ ಇವರು, 1921ರಲ್ಲಿ ಪ್ರಕಟಿಸಿದ ಮನಸ್ಸಿನ ಮಾದರಿಗಳನ್ನು ಕುರಿತ ಗ್ರಂಥದಲ್ಲಿ, ಮನುಷ್ಯನ ಮನಶ್ಶಕ್ತಿಯು ಸಾಧಾರಣವಾಗಿ ಎರಡು ದಿಕ್ಕುಗಳಲ್ಲಿ ಹರಿಯುವುದೆಂದು ವಿವರಿಸಿದರು. ಒಬ್ಬನಲ್ಲಿ ಅದು ಹೊರಗಿನ ಜನ, ವಸ್ತು, ಘಟನೆಗಳ ಕಡೆಗೆ ಹರಿಯುತ್ತದೆ; ಇನ್ನೊಬ್ಬನಲ್ಲಿ ತನ್ನ ಒಳಗಿನ ಭಾವ, ವಿಚಾರಗಳ ಕಡೆಗೆ ತಿರುಗುತ್ತದೆ. ಕೇವಲ ಒಂದೇ ಮುಖವುಳ್ಳ ಮನುಷ್ಯನು ಇರಲಾರನೆಂಬುದೂ ಅವರ ಅಭಿಪ್ರಾಯವಾಗಿತ್ತು.

ಅನಂತರ ಅಮೆರಿಕದಲ್ಲಿ ಕ್ಯಾಥರೀನ್ ಬ್ರಿಗ್ಸ್ ಎಂಬ ತಾಯಿಯೂ ಇಸಬೆಲ್ ಬ್ರಿಗ್ಸ್ ಮೈಯರ್ಸ್ ಎಂಬ ಮಗಳೂ ಯೂಂಗರ ವಿಚಾರವನ್ನು ಆಧಾರವಾಗಿಟ್ಟುಕೊಂಡು ಒಂದು ಪ್ರಶ್ನಾವಳಿಯನ್ನು ರಚಿಸಿದರು. ಇಂದಿಗೂ ಅನೇಕ ಕಂಪನಿಗಳು ತಮ್ಮ ನೌಕರರಿಗೆ ಅದನ್ನು ಕೊಟ್ಟು, ನೀನು ಇಂತಹ ಜಾತಿಯ ಮನುಷ್ಯನೆಂದು ನಾಲ್ಕು ಅಕ್ಷರಗಳ ಹಣೆಪಟ್ಟಿಯನ್ನು ಅಂಟಿಸುವುದುಂಟು. ಆದರೆ ಒಮ್ಮೆ ಒಂದು ಪಂಗಡಕ್ಕೆ ಸೇರಿದವರಲ್ಲಿ ಹಲವರು ಕೆಲವೇ ವಾರಗಳ ತರುವಾಯ ಮತ್ತೆ ಉತ್ತರಿಸಿದಾಗ ಬೇರೆ ಪಂಗಡಕ್ಕೆ ಸೇರುವುದು ಕಂಡುಬಂದಿದೆ. ಇದಕ್ಕೆ ಕಾರಣವು ಸರಳವಾದುದು. ಎತ್ತರ ಕುಳ್ಳುಗಳಂತೆ ಈ ಗುಣವೂ ಒಂದು ಅಳತೆಗೋಲಿನ ಮೇಲೆ ಹರಡಿಕೊಂಡಿದೆ. ಬಹುಪಾಲು ಜನರು ಎರಡು ತುದಿಗಳಲ್ಲಿ ನಿಲ್ಲದೆ ನಡುವಿನಲ್ಲಿಯೇ ನಿಂತಿರುತ್ತಾರೆ. ನಡುವೆ ಗೆರೆ ಎಳೆದು ಎರಡು ಗುಂಪು ಮಾಡಹೊರಟರೆ, ಗೆರೆಯ ಹತ್ತಿರದವರು ಇಂದು ಅತ್ತ, ನಾಳೆ ಇತ್ತ ಆಗುವುದು ಸಹಜವೇ ಆಗಿದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನೀಗಬೇಕು. ಅಂತರ್ಮುಖತೆ ಎಂದರೆ ನಾಚಿಕೆಯಲ್ಲ. ನಾಲ್ಕು ಜನರು ತನ್ನನ್ನು ಏನೆಂದುಕೊಳ್ಳುವರೋ ಎಂಬ ಭಯಕ್ಕೆ ನಾಚಿಕೆಯೆಂದು ಹೆಸರು. ಅಂತರ್ಮುಖಿಗೆ ಆ ಭಯವಿರಲೇಬೇಕೆಂಬ ನಿಯಮವಿಲ್ಲ. ಬಹು ಮಂದಿಯ ನಡುವೆ ಹೆಚ್ಚು ಹೊತ್ತು ಕಳೆದರೆ ಅವನಿಗೆ ಆಯಾಸವಾಗುತ್ತದೆ, ಏಕಾಂತದಲ್ಲಿ ಅವನ ಬುದ್ಧಿಯು ಅರಳುತ್ತದೆ, ಅಷ್ಟೆ. ಹಾಗೆಯೇ ಬಹಿರ್ಮುಖತೆ ಎಂದರೆ ಬಾಯಿಬಡುಕತನವಲ್ಲ. ಜನರ ಸಂಗದಲ್ಲಿ ಉಲ್ಲಾಸವನ್ನು ಪಡೆದು, ಮಾತಾಡುತ್ತ ಆಡುತ್ತಲೇ ತನ್ನ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳುವವನು ಬಹಿರ್ಮುಖಿ. ಒಬ್ಬನು ಯೋಚಿಸಿ ಮಾತಾಡುತ್ತಾನೆ. ಇನ್ನೊಬ್ಬನು ಮಾತಾಡಿ ಯೋಚಿಸುತ್ತಾನೆ. ಇವುಗಳಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ.

2. ಒಂದು ತಪ್ಪೊಪ್ಪಿಗೆ

ಈ ವಿಷಯವನ್ನು ಬರೆಯಲು ನನಗೆ ಪ್ರೇರಣೆಯಾದುದು ಪುಸ್ತಕದ ಓದಲ್ಲ, ನಾನೇ ಮಾಡಿದ ಒಂದು ತಪ್ಪು. ವಾಚಕರ ಮುಂದೆ ಅದನ್ನು ಮುಚ್ಚಿಡಲಾರೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಒಂದು ಸಹಕಾರಿ ಸಂಸ್ಥೆಯ ಸಾಲವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದೆನು. ನನ್ನ ಕೈಕೆಳಗೆ ಇಬ್ಬರು ಗುಮಾಸ್ತರು ಇದ್ದರು. ಒಬ್ಬರು ಮಾತುಗಾರರು. ಹಳ್ಳಿಯಿಂದ ಬಂದ ರೈತರನ್ನು ಹೆಸರು ಹಿಡಿದು ಕರೆದು, ಮಳೆ ಬೆಳೆ ವಿಚಾರಿಸಿ, ಬಾಕಿಯ ಮಾತನ್ನು ನೋವಾಗದಂತೆ ಎತ್ತಿ, ವಸೂಲಿ ಮಾಡಿಕೊಂಡು ಬರುವ ಜಾಣ್ಮೆ ಅವರಿಗಿತ್ತು. ವಾರದ ಸಭೆಯಲ್ಲಿ ನಾನು ಒಂದು ಮಾತು ಎತ್ತುವುದರೊಳಗಾಗಿ ಅವರಿಂದ ಎರಡು ಸಲಹೆಗಳು ಬರುತ್ತಿದ್ದವು. ಇನ್ನೊಬ್ಬರು ಬೆಳಗ್ಗೆ ಬಂದು ತಲೆಬಗ್ಗಿಸಿ ಕುಳಿತರೆ ಸಂಜೆಯೇ ಏಳುವರು. ಸಭೆಯಲ್ಲಿ ಅವರ ದನಿಯನ್ನು ನಾನು ಕೇಳಿದ ನೆನಪಿಲ್ಲ. ಬಡ್ತಿಯ ಸಂದರ್ಭ ಬಂದಾಗ, ನಾನು ಗೌಪ್ಯ ವರದಿಯಲ್ಲಿ ಮೊದಲನೆಯವರನ್ನು ಹೊಗಳಿ ಬರೆದು, ಎರಡನೆಯವರ ಬಗೆಗೆ ‘ಬೆರೆಯುವ ಸ್ವಭಾವವಿಲ್ಲ, ಮುಂದಾಳುತನದ ಗುಣ ಕಾಣದು’ ಎಂದು ಒಂದು ಸಾಲು ಬರೆದೆನು. ಬಡ್ತಿ ಮೊದಲನೆಯವರಿಗೆ ದೊರೆಯಿತು. ಎರಡನೆಯವರು ಬಂದು ಏನನ್ನೂ ಕೇಳಲಿಲ್ಲ. ಕೇಳದಿದ್ದುದು ನನ್ನ ತೀರ್ಪಿಗೆ ಸಾಕ್ಷಿಯೆಂದೇ ನಾನು ಭಾವಿಸಿದೆನು.

ಎರಡು ವರ್ಷಗಳ ಮೇಲೆ ಲೆಕ್ಕತಪಾಸಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ಒಂದೇ ಸರ್ವೆ ನಂಬರಿನ ಜಮೀನನ್ನು ಒಂದೇ ಕುಟುಂಬದ ಇಬ್ಬರು ಬೇರೆ ಬೇರೆಯಾಗಿ ಆಧಾರ ತೋರಿಸಿ ಎರಡು ಸಾಲಗಳನ್ನು ಪಡೆದಿದ್ದರು. ಸಂಸ್ಥೆಗೆ ನಷ್ಟವಾಯಿತು. ನಾನು ಕೋಪದಿಂದ ಆ ಮೌನಿಯನ್ನು ಕರೆದು, ‘ಕಡತ ನಿಮ್ಮ ಕೈಯಿಂದಲೇ ಹೋಗಿದೆಯಲ್ಲ, ಏಕೆ ಹೇಳಲಿಲ್ಲ?’ ಎಂದು ಗದರಿಸಿದೆನು. ಅವರು ‘ಬರೆದಿದ್ದೆ ಸಾರ್’ ಎಂದರು. ಅಷ್ಟೇ. ಕಡತವನ್ನು ತರಿಸಿ ನೋಡಿದೆನು. ಟಿಪ್ಪಣಿಯ ಹಾಳೆಯಲ್ಲಿ, ಅಚ್ಚುಕಟ್ಟಾದ ಸಣ್ಣ ಅಕ್ಷರಗಳಲ್ಲಿ, ಇದೇ ಸರ್ವೆ ನಂಬರು ಹಿಂದಿನ ಇನ್ನೊಂದು ಕಡತದಲ್ಲಿಯೂ ಬಂದಿದೆ, ಪರಿಶೀಲಿಸಬೇಕು ಎಂದು ಇತ್ತು. ಅದರ ಕೆಳಗೆ ನನ್ನ ಸಹಿಯೂ ಇತ್ತು. ಸಭೆಯಲ್ಲಿ ಬಾಯಿಂದ ಬಂದ ಮಾತನ್ನು ಮಾತ್ರ ಮಾತೆಂದು ಎಣಿಸಿದ್ದ ನಾನು, ಹಾಳೆಯ ಮೇಲಿನ ಮಾತನ್ನು ಓದದೆಯೇ ಸಹಿ ಮಾಡಿದ್ದೆನು.

ನಾನು ಮೇಲಿನವರಿಗೆ ನನ್ನ ತಪ್ಪನ್ನು ಬರೆದು ತಿಳಿಸಿದೆನು. ಆದರೆ ಬಡ್ತಿಯ ಅವಕಾಶವು ಕಳೆದುಹೋಗಿತ್ತು. ಮುಂದೆ ಹುದ್ದೆಗಳು ಕಡಿಮೆಯಾದವು. ಅವರು ಅದೇ ಹುದ್ದೆಯಲ್ಲಿಯೇ ನಿವೃತ್ತರಾದರು. ಒಬ್ಬ ಮನುಷ್ಯನ ಸಂಬಳ, ಪಿಂಚಣಿ, ಮಕ್ಕಳ ವಿದ್ಯೆ, ಇವೆಲ್ಲವೂ ನನ್ನ ಲೇಖನಿಯ ಒಂದು ಸಾಲಿನಿಂದ ಸೊರಗಿದವು. ಈ ಸಂದರ್ಭದಲ್ಲಿ ಮೊದಲನೆಯವರನ್ನು ದೂಷಿಸುವುದು ಅನ್ಯಾಯವಾದೀತು. ಅವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ತಪ್ಪಿದುದು ತಕ್ಕಡಿ; ತೂಗಿದವನು ನಾನು.

3. ವಿದ್ವಾಂಸರ ಪರಿಶೋಧನೆ

ಈ ತಕ್ಕಡಿಯ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ಮಾಡಿದ ಪರಿಶೋಧನೆಗಳು ಬಹು ಬೋಧಪ್ರದವಾಗಿವೆ. ಇವರು ಮನುಷ್ಯಸ್ವಭಾವವನ್ನು ಐದು ದೊಡ್ಡ ಗುಣಗಳಲ್ಲಿ ಅಳೆಯುವ ರೂಢಿಯನ್ನು ತಂದಿದ್ದಾರೆ: ಹೊಸದಕ್ಕೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಮನಸ್ಸಿನ ಕಳವಳ. 1991ರಲ್ಲಿ ಅಮೆರಿಕದ ಬ್ಯಾರಿಕ್ ಮತ್ತು ಮೌಂಟ್ ಎಂಬ ಇಬ್ಬರು ವಿದ್ವಾಂಸರು, ಅದುವರೆಗೆ ನಡೆದಿದ್ದ ಬಹುಸಂಖ್ಯೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಈ ಗುಣಗಳಲ್ಲಿ ಯಾವುದು ಕೆಲಸದ ಸಫಲತೆಯನ್ನು ಸೂಚಿಸುತ್ತದೆಂದು ಪರೀಕ್ಷಿಸಿದರು. ವೃತ್ತಿಪರಿಣತರು, ಪೊಲೀಸರು, ವ್ಯವಸ್ಥಾಪಕರು, ಮಾರಾಟಗಾರರು, ಕುಶಲ ಕಾರ್ಮಿಕರು ಎಂಬ ಐದು ವರ್ಗಗಳನ್ನೂ ಅವರು ನೋಡಿದರು. ಬಹಿರ್ಮುಖತೆಯು ವ್ಯವಸ್ಥಾಪಕರಿಗೂ ಮಾರಾಟಗಾರರಿಗೂ ಒಂದಿಷ್ಟು ಸಹಾಯಕವಾಗಿ ಕಂಡಿತು. ಆದರೆ ಐದು ವರ್ಗಗಳಲ್ಲಿಯೂ ತಪ್ಪದೆ ಸಫಲತೆಯೊಡನೆ ಹೊಂದಿಕೊಂಡು ಬಂದ ಗುಣವು ಒಂದೇ. ಅದು ಕರ್ತವ್ಯನಿಷ್ಠೆ. ಹಿಡಿದ ಕೆಲಸವನ್ನು ನಿಯಮದಿಂದ, ಎಚ್ಚರದಿಂದ, ಕಡೆಯವರೆಗೆ ಮಾಡುವ ಗುಣ. ಇದರ ಪ್ರಭಾವವೂ ಪರಿಮಿತವಾದುದೇ ಎಂಬುದನ್ನು ಮರೆಯಬಾರದು. ಮನುಷ್ಯನ ಕೆಲಸವನ್ನು ಒಂದೇ ಗುಣದಿಂದ ಪೂರ್ತಿಯಾಗಿ ಊಹಿಸಲಾಗದು. ಆದರೂ ಎಲ್ಲ ಕಸುಬುಗಳಿಗೂ ಸಮಾನವಾದ ಗುಣವು ಮಾತಿನಲ್ಲಾಗಲಿ ಮೌನದಲ್ಲಾಗಲಿ ಇರದೆ ನಿಷ್ಠೆಯಲ್ಲಿ ಇದೆಯೆಂಬುದು ಎಂತಹ ಅರ್ಥಪೂರ್ಣವಾದ ಫಲಿತಾಂಶ!

ಮಾರಾಟದ ಕೆಲಸಕ್ಕಾದರೂ ಮಾತುಗಾರನೇ ಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಆಡಮ್ ಗ್ರಾಂಟ್ ಎಂಬ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೂರವಾಣಿಯ ಮೂಲಕ ಮಾರಾಟ ಮಾಡುವ 340 ಮಂದಿಯ ಸ್ವಭಾವವನ್ನು ಅಳೆದು, ಅವರು ಮೂರು ತಿಂಗಳಲ್ಲಿ ತಂದ ಆದಾಯದೊಡನೆ ಹೋಲಿಸಿದರು. ಅತಿ ಹೆಚ್ಚು ಆದಾಯವನ್ನು ತಂದವರು ಅತ್ಯಂತ ಬಹಿರ್ಮುಖಿಗಳಾಗಿರಲಿಲ್ಲ, ಅತ್ಯಂತ ಅಂತರ್ಮುಖಿಗಳೂ ಆಗಿರಲಿಲ್ಲ; ನಡುವಿನವರಾಗಿದ್ದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಾತೇ ಹೆಚ್ಚಾದವನು ಗಿರಾಕಿಯ ಬೇಡಿಕೆಯನ್ನು ಕೇಳಿಸಿಕೊಳ್ಳುವುದಿಲ್ಲ; ಮಾತೇ ಇಲ್ಲದವನು ತನ್ನ ಸರಕಿನ ಗುಣವನ್ನು ತಿಳಿಸುವುದಿಲ್ಲ. ನಮ್ಮ ಸಂತೆಗಳಲ್ಲಿ ಬಟ್ಟೆ ಮಾರುವ ಒಬ್ಬ ಒಳ್ಳೆಯ ವ್ಯಾಪಾರಿಯನ್ನು ಗಮನಿಸಿದರೆ ಈ ಸಂಗತಿಯು ಅರಿವಾಗುತ್ತದೆ. ಅವನು ಮೊದಲು ಕೇಳುತ್ತಾನೆ, ಆಮೇಲೆ ಹೇಳುತ್ತಾನೆ.

ಇನ್ನು ಸಭೆಗಳ ವಿಚಾರ. ಅಮೆರಿಕದ ಜಾಹೀರಾತು ವೃತ್ತಿಯ ಅಲೆಕ್ಸ್ ಆಸ್ಬಾರ್ನ್ ಎಂಬವರು, ಹಲವರು ಒಟ್ಟಿಗೆ ಕುಳಿತು ಮನಸ್ಸಿಗೆ ತೋಚಿದುದನ್ನೆಲ್ಲ ತಡೆಯಿಲ್ಲದೆ ಹೇಳುತ್ತ ಹೋದರೆ ಹೊಸ ಉಪಾಯಗಳು ಹೇರಳವಾಗಿ ಹೊಳೆಯುವುವೆಂದು 1953ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ಪದ್ಧತಿ ಲೋಕದಲ್ಲೆಲ್ಲ ಹಬ್ಬಿತು. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಟೇಲರ್, ಬೆರಿ ಮತ್ತು ಬ್ಲಾಕ್ ಎಂಬವರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ನಾಲ್ವರು ಒಟ್ಟಿಗೆ ಕುಳಿತು ಹೇಳಿದ ಉಪಾಯಗಳಿಗಿಂತ, ನಾಲ್ವರು ಬೇರೆ ಬೇರೆಯಾಗಿ ಕುಳಿತು ಯೋಚಿಸಿದ ಉಪಾಯಗಳನ್ನು ಅನಂತರ ಒಟ್ಟುಗೂಡಿಸಿದಾಗ ಸಂಖ್ಯೆಯೂ ಹೆಚ್ಚಾಗಿತ್ತು, ಗುಣವೂ ಮೇಲಾಗಿತ್ತು. ಒಬ್ಬನು ಮಾತಾಡುವಾಗ ಉಳಿದವರು ಕಾಯಬೇಕಾಗುತ್ತದೆ. ಕಾಯುವಷ್ಟರಲ್ಲಿ ಹೊಳೆದುದು ಮರೆಯುತ್ತದೆ. ಇದರ ಮೇಲೆ, ಇತರರು ಏನೆಂದಾರೋ ಎಂಬ ಅಂಜಿಕೆಯೂ ಸೇರುತ್ತದೆ. ಇದರಿಂದ ಸಭೆಯೇ ಬೇಡವೆಂದು ಅರ್ಥವಲ್ಲ. ಮೊದಲು ಏಕಾಂತ, ಬಳಿಕ ಕೂಟ ಎಂಬ ಕ್ರಮವು ಒಳ್ಳೆಯದೆಂದು ಅರ್ಥ.

ಕಚೇರಿಯ ಕಟ್ಟಡಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗೋಡೆಗಳನ್ನು ಕೆಡವಿ ಎಲ್ಲರನ್ನೂ ಒಂದೇ ಬಯಲಿನಲ್ಲಿ ಕೂರಿಸಿದರೆ ಪರಸ್ಪರ ಮಾತುಕತೆ ಹೆಚ್ಚುವುದೆಂದು ನಂಬಿ ಅನೇಕ ಸಂಸ್ಥೆಗಳು ಹಾಗೆ ಮಾಡಿವೆ. ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬವರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇಂತಹ ಬದಲಾವಣೆ ಮಾಡಿಕೊಂಡ ಎರಡು ದೊಡ್ಡ ಕಂಪನಿಗಳನ್ನು ಪರೀಕ್ಷಿಸಿತು. ಮುಖಾಮುಖಿ ಮಾತುಕತೆಯು ಹೆಚ್ಚುವುದಿರಲಿ, ಸುಮಾರು ಶೇಕಡಾ 70ರಷ್ಟು ಕುಗ್ಗಿ, ಜನರು ಮಿಂಚಂಚೆಯ ಬರಹಕ್ಕೆ ಮೊರೆಹೋದರು. ಮನುಷ್ಯನಿಗೆ ಬಾಗಿಲು ಬೇಕು, ಬಾಗಿಲಿಗೆ ಕದವೂ ಬೇಕು. ತೆರೆಯಲು ಬರುವಂತೆ ಮುಚ್ಚಲೂ ಬರಬೇಕು.

4. ಎರಡು ಸ್ವಭಾವಗಳ ಕೂಟ

ಎರಡು ಸ್ವಭಾವಗಳು ಕೂಡಿ ದೊಡ್ಡ ಕಾರ್ಯವಾದುದಕ್ಕೆ ಇತ್ತೀಚಿನ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ತರುಣ ಯಂತ್ರಶಿಲ್ಪಿಯು ಹಗಲು ಒಂದು ಕಂಪನಿಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಒಬ್ಬನೇ ಕುಳಿತು ಒಂದು ಚಿಕ್ಕ ಗಣಕಯಂತ್ರವನ್ನು ರೂಪಿಸಿದನು. ಅದರ ನಕ್ಷೆಯನ್ನು ತನ್ನಂತಹ ಆಸಕ್ತರಿಗೆ ಪುಕ್ಕಟೆಯಾಗಿ ಹಂಚುವುದರಲ್ಲಿಯೇ ಅವನಿಗೆ ತೃಪ್ತಿ. ಅವನ ಗೆಳೆಯ ಸ್ಟೀವ್ ಜಾಬ್ಸ್ ಎಂಬವನು ಅದನ್ನು ಮಾರಬಹುದೆಂದು ಕಂಡು, ಅಂಗಡಿಯವರನ್ನು ಒಪ್ಪಿಸಿ, ಬಿಡಿಭಾಗಗಳನ್ನು ಕಡ ತಂದನು. 1976ರ ಏಪ್ರಿಲಿನಲ್ಲಿ ಆಪಲ್ ಎಂಬ ಸಂಸ್ಥೆ ಹುಟ್ಟಿತು. ಜಾಬ್ಸ್ ಇಲ್ಲದಿದ್ದರೆ ಆ ಯಂತ್ರವು ಕೆಲವು ಮಿತ್ರರ ಮೇಜಿನ ಮೇಲೆಯೇ ಉಳಿಯುತ್ತಿತ್ತೇನೋ. ವೋಜ್ನಿಯಾಕ್ ಇಲ್ಲದಿದ್ದರೆ ಮಾರಲು ಯಂತ್ರವೇ ಇರುತ್ತಿರಲಿಲ್ಲ. 2006ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ವೋಜ್ನಿಯಾಕ್, ಹೊಸದನ್ನು ಕಲ್ಪಿಸುವವರು ಒಬ್ಬಂಟಿಯಾಗಿ ಕೆಲಸ ಮಾಡುವುದೇ ಲೇಸೆಂದು ಸಲಹೆ ಕೊಟ್ಟಿದ್ದಾನೆ. ಆದರೆ ಅವನ ಏಕಾಂತದ ಫಲವನ್ನು ಲೋಕಕ್ಕೆ ಮುಟ್ಟಿಸಿದುದು ಇನ್ನೊಬ್ಬನ ಮಾತು ಎಂಬುದನ್ನೂ ನಾವು ಸೇರಿಸಿಕೊಂಡು ಓದಬೇಕು.

5. ಶರಣರ ಕೂಟದಲ್ಲಿ

ಇಷ್ಟನ್ನು ತಿಳಿದು ಈಗ ಹನ್ನೆರಡನೆಯ ಶತಮಾನದ ಕಲ್ಯಾಣದ ಕಡೆಗೆ ತಿರುಗೋಣ. ಅಲ್ಲಿ ಸೇರಿದ ಶರಣರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದವರಾಗಿರಲಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರದು ನೂರಾರು ಜನರೊಡನೆ ನಿತ್ಯ ವ್ಯವಹರಿಸುವ ಉದ್ಯೋಗ. ಅರಸನ ಲೆಕ್ಕ ಒಂದು ಕಡೆ, ಮಹಾಮನೆಯ ದಾಸೋಹ ಇನ್ನೊಂದು ಕಡೆ. ಅಂಬಿಗರ ಚೌಡಯ್ಯನವರದು ಎದುರಿಗಿದ್ದವನ ಮುಖ ನೋಡದೆ ಸತ್ಯವನ್ನು ಗುಡುಗುವ ನಾಲಗೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತ ತಮ್ಮ ಕಾಯಕದಲ್ಲಿಯೇ ಮುಳುಗಿದವರು. ಜೇಡರ ದಾಸಿಮಯ್ಯನವರು ಅವರೆಲ್ಲರಿಗಿಂತ ಹಿಂದೆಯೇ ಮಗ್ಗದ ಮುಂದೆ ಕುಳಿತು ಕಿರಿದರಲ್ಲಿ ಹಿರಿದನ್ನು ನುಡಿದವರು. ಅಕ್ಕಮಹಾದೇವಿಯವರು ಏಕಾಂತವನ್ನು ಅರಸಿ ಕದಳಿಯತ್ತ ನಡೆದರು. ಇವರಲ್ಲಿ ಒಬ್ಬರನ್ನು ಇನ್ನೊಬ್ಬರಂತೆ ಆಗಿರೆಂದು ಆ ಕೂಟವು ಒತ್ತಾಯಿಸಿದಂತೆ ಕಾಣದು. ಪ್ರತಿಯೊಬ್ಬರ ವಚನವೂ ಅವರವರ ಅಂಕಿತದಲ್ಲಿ, ಅವರವರ ಕಸುಬಿನ ಮಾತಿನಲ್ಲಿಯೇ ನಿಂತಿದೆ. ದೋಣಿಯವನು ದೋಣಿಯ ಮಾತಿನಲ್ಲಿ, ನೇಕಾರನು ನೂಲಿನ ಮಾತಿನಲ್ಲಿ ಪರತತ್ತ್ವವನ್ನು ಹೇಳಿದನು. ಸ್ವಭಾವಗಳು ಹಲವಾದರೂ ಅಳೆಯುವ ಕೋಲು ಒಂದೇ ಆಗಿತ್ತು. ಅದು ಕಾಯಕದ ಶುದ್ಧಿ.

ಮಾತಿಗೂ ಕೆಲಸಕ್ಕೂ ಇರುವ ನಂಟನ್ನು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅವರು ಶರಣರ ಗೋಷ್ಠಿಯ ಸವಿಯಲ್ಲಿ ಮೈಮರೆತಾಗ, ಆ ದಿನದ ಕಾಯಕವು ಉಳಿದಿರುವುದನ್ನು ನೆನಪಿಸಿದವರು ಮನೆಯಲ್ಲಿದ್ದ ಲಕ್ಕಮ್ಮನವರು. ಇನ್ನೊಮ್ಮೆ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿರೆಂದು ಹೇಳಿದವರೂ ಅವರೇ. ಗೋಷ್ಠಿಯು ಎಷ್ಟೇ ಪವಿತ್ರವಾದರೂ ಕೈಯ ಕೆಲಸಕ್ಕೆ ಬದಲಾಗಲಾರದು ಎಂಬುದು ಮೊದಲನೆಯ ಪಾಠ. ಗೋಷ್ಠಿಯಲ್ಲಿ ಕುಳಿತು ಮಾತಾಡದವರ ಬಾಯಿಂದಲೂ ಗೋಷ್ಠಿಗೆ ದಾರಿ ತೋರುವ ಮಾತು ಬರಬಹುದು ಎಂಬುದು ಎರಡನೆಯದು.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯು ಈ ವಿಷಯಕ್ಕೆ ಇನ್ನೂ ಹತ್ತಿರವಾದುದು. ಇಂದಿನ ಸೊಲ್ಲಾಪುರದಲ್ಲಿ ಅವರು ಕೆರೆ, ಗುಡಿಗಳನ್ನು ಕಟ್ಟಿಸುತ್ತ ಬಹುಜನರನ್ನು ಕೂಡಿಸಿ ದುಡಿಸಿದ ಕರ್ಮಯೋಗಿಗಳು. ಶೂನ್ಯಸಂಪಾದನೆಯು ಹೇಳುವಂತೆ, ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಹೊರಗಿನ ಈ ಕಟ್ಟುವ ಕೆಲಸದ ಒಳಗೆ ‘ನಾನು’ ಎಂಬುದು ಅಡಗಿ ಕುಳಿತಿಲ್ಲವೆ ಎಂದು ಅವರನ್ನು ಕೆಣಕಿ, ಒಳಗಿನ ಕಡೆಗೆ ತಿರುಗಿಸಿ, ಕಲ್ಯಾಣಕ್ಕೆ ಕರೆದೊಯ್ದರು. ಕೆರೆಯನ್ನು ಕಟ್ಟಿಸಿದುದು ತಪ್ಪೆಂದು ಇದರಿಂದ ತಿಳಿಯಬಾರದು. ಇಂದಿಗೂ ಆ ನೀರಿನ ದಡದಲ್ಲಿ ಜನರು ಅವರನ್ನು ನೆನೆಯುತ್ತಾರೆ. ಹೊರಗಿನ ಕಾರ್ಯಕ್ಕೆ ಒಳಗಿನ ಅರಿವು ಬೇಕೆಂಬುದೇ ತಾತ್ಪರ್ಯ. ಅತ್ತ ಅಲ್ಲಮಪ್ರಭುಗಳನ್ನು ನೋಡಿದರೆ, ಎಲ್ಲರಿಗಿಂತ ಒಳಗೆ ಇಳಿದ ಅವರೇ ಶರಣರ ಗೋಷ್ಠಿಗೆ ಅಧ್ಯಕ್ಷರಾಗಿ ಶೂನ್ಯಸಿಂಹಾಸನವನ್ನು ಏರಿದರೆಂದು ಪರಂಪರೆ ಹೇಳುತ್ತದೆ. ಒಳಮುಖವಾದವನು ಮುಂದಾಳಾಗಲಾರನೆಂದು ಗೌಪ್ಯ ವರದಿಯಲ್ಲಿ ಬರೆದವನಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

6. ಒಂದು ಎಚ್ಚರಿಕೆ

ಇಲ್ಲಿ ಒಂದು ಭೇದವನ್ನು ತಪ್ಪದೆ ಗಮನಿಸಬೇಕು. ಸಾಧಕನ ಅಂತರ್ಮುಖತೆಯೂ ಮನಶ್ಶಾಸ್ತ್ರದ ಅಂತರ್ಮುಖತೆಯೂ ಒಂದೇ ಅಲ್ಲ. ಮನಶ್ಶಾಸ್ತ್ರವು ಹೇಳುವುದು ಹುಟ್ಟಿನಿಂದಲೂ ಬೆಳವಣಿಗೆಯಿಂದಲೂ ಬಂದ ಸ್ವಭಾವವನ್ನು. ಸಾಧನೆಯು ಹೇಳುವುದು ಇಂದ್ರಿಯಗಳ ಓಟವನ್ನು ಹಿಂದಿರುಗಿಸಿ ತನ್ನನ್ನು ತಾನು ನೋಡಿಕೊಳ್ಳುವ ಪ್ರಯತ್ನವನ್ನು. ಸುಮ್ಮನೆ ಕುಳಿತವರೆಲ್ಲರೂ ಒಳಗೆ ನೋಡುತ್ತಿರುವರೆಂದು ಭಾವಿಸಿದರೆ ಮೋಸಹೋಗುತ್ತೇವೆ. ಮೌನದ ಒಳಗೆ ಅಸೂಯೆ ಇರಬಹುದು, ಹಳೆಯ ಅವಮಾನದ ಮೆಲುಕು ಇರಬಹುದು, ತನ್ನಂತಹವನಿಲ್ಲವೆಂಬ ಸೊಕ್ಕೂ ಇರಬಹುದು. ಹಾಗೆಯೇ ಸಂತೆಯ ನಡುವೆ ನಿಂತು ದಿನವೆಲ್ಲ ಮಾತಾಡಿದ ವ್ಯಾಪಾರಿಯು, ತೂಕದಲ್ಲಿ ಒಂದು ಗುಂಜಿಯನ್ನೂ ತಪ್ಪದೆ, ಸಂಜೆ ತನ್ನ ಮಾತುಗಳನ್ನು ತಾನೇ ಒರೆಗೆ ಹಚ್ಚಿ ನೋಡುವವನಾದರೆ ಅವನೇ ನಿಜವಾದ ಅರ್ಥದಲ್ಲಿ ಅಂತರ್ಮುಖಿ. ಒಳಗಿನ ಶುಚಿಯನ್ನೂ ಹೊರಗಿನ ಶುಚಿಯನ್ನೂ ಒಂದೇ ನಡತೆಯ ಎರಡು ಮುಖಗಳೆಂದು ಬಸವಣ್ಣನವರು ಬೋಧಿಸಿದುದರ ಅಭಿಪ್ರಾಯವೂ ಇದೇ. ಮಾತು ಹೇಗಿರಬೇಕೆಂಬುದನ್ನು ಅಷ್ಟು ಸೊಗಸಾಗಿ ವರ್ಣಿಸಿದ ಅವರು ಕೊನೆಗೆ ಬಂದು ನಿಲ್ಲುವುದು ನಡೆಯ ಮೇಲೆ.

ಆದುದರಿಂದ ಮೌನಿಯು ತನ್ನ ಮೌನವನ್ನು ಸದ್ಗುಣವೆಂದು ಪೂಜಿಸಬಾರದು. ಸಹೋದ್ಯೋಗಿಯು ತಪ್ಪುದಾರಿ ಹಿಡಿದಿರುವುದನ್ನು ಕಂಡೂ ನನಗೇಕೆ ಮಾತು ಎಂದು ಸುಮ್ಮನಿದ್ದರೆ ಅದು ಕರ್ತವ್ಯಲೋಪವೇ ಸರಿ. ಮಾತುಗಾರನು ತನ್ನ ಮಾತಿನಿಂದ ಇನ್ನೊಬ್ಬನ ಮಾತಿಗೆ ಎಡೆಯಿಲ್ಲದಂತೆ ಮಾಡಬಾರದು. ಇನ್ನೊಬ್ಬನು ಏಕಾಂತದಲ್ಲಿ ಹಣ್ಣಾಗಿಸಿದ ವಿಚಾರವನ್ನು ತನ್ನದೆಂದು ಸಭೆಯಲ್ಲಿ ಆಡಿ ಹೊಗಳಿಕೆಯನ್ನು ಪಡೆಯುವುದಂತೂ ಕಳವು. ವಸ್ತುವಿನ ಕಳವನ್ನು ನಿಷೇಧಿಸಿದ ಧರ್ಮವು ವಿಚಾರದ ಕಳವಿಗೆ ಅಪ್ಪಣೆ ಕೊಟ್ಟಿಲ್ಲ.

7. ಆಚರಣೆ

ಕಚೇರಿಯ ಹಿರಿಯರಿಗೆ ನನ್ನ ಅನುಭವದಿಂದ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ. ಸಭೆಯ ವಿಷಯವನ್ನು ಹಿಂದಿನ ದಿನವೇ ಬರೆದು ತಿಳಿಸಿರಿ. ಯೋಚಿಸಿ ಮಾತಾಡುವವರಿಗೆ ಯೋಚಿಸಲು ಒಂದು ರಾತ್ರಿಯಾದರೂ ಬೇಕು. ಸಭೆಯಲ್ಲಿ ಸುಮ್ಮನಿರುವವರನ್ನು ಹೆಸರು ಹಿಡಿದು, ಪ್ರೀತಿಯಿಂದ, ನಿಮ್ಮ ಅಭಿಪ್ರಾಯವೇನೆಂದು ಕೇಳಿರಿ. ಕೇಳಿದ ಮೇಲೆ ಅವರು ಉತ್ತರಿಸುವ ತನಕ ಕಾಯಿರಿ. ಬರಹದಲ್ಲಿ ಬಂದುದನ್ನು ಮಾತಿನಲ್ಲಿ ಬಂದುದರಷ್ಟೇ ಆದರದಿಂದ ಓದಿರಿ. ಓದದೆ ಸಹಿ ಮಾಡಬೇಡಿರಿ. ಬಡ್ತಿಯ ಕಾಲಕ್ಕೆ ಒಬ್ಬನ ಸ್ವಭಾವವನ್ನು ಬರೆಯುವುದಕ್ಕಿಂತ ಮೊದಲು ಅವನ ಕೆಲಸವನ್ನು ಬರೆಯಿರಿ: ಎಷ್ಟು ಕಡತ, ಎಷ್ಟು ತಪ್ಪು, ಎಷ್ಟು ಬಾಕಿ, ಯಾವ ತೊಡಕನ್ನು ಬಿಡಿಸಿದನು ಎಂಬುದನ್ನು.

ಒಳಮುಖ ಸ್ವಭಾವದ ತರುಣ ತರುಣಿಯರಿಗೆ ಹೇಳುವುದಿಷ್ಟೆ. ನಿಮ್ಮ ಸ್ವಭಾವವನ್ನು ಬದಲಾಯಿಸಿಕೊಳ್ಳಲು ಹೆಣಗಬೇಡಿರಿ. ಆದರೆ ಕೆಲಸಕ್ಕೆ ಅವಶ್ಯವಾದ ಒಂದು ಮಾತನ್ನು, ಅವಶ್ಯವಾದ ಹೊತ್ತಿನಲ್ಲಿ, ಕೇಳಿಸುವಂತೆ ಆಡುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಬರೆದು ಕೊಟ್ಟಿರಾದರೆ, ಬರೆದಿದ್ದೇನೆ, ದಯವಿಟ್ಟು ನೋಡಿರಿ ಎಂದು ಒಮ್ಮೆ ಹೇಳಿರಿ. ಹೊರಮುಖ ಸ್ವಭಾವದವರು ದಿನದಲ್ಲಿ ಒಂದು ಗಳಿಗೆಯಾದರೂ ಯಾರೊಡನೆಯೂ ಮಾತಾಡದೆ ಕುಳಿತು, ಇಂದು ನಾನು ಆಡಿದುದರಲ್ಲಿ ಮಾಡಿದುದೆಷ್ಟು ಎಂದು ಲೆಕ್ಕ ಹಾಕಿಕೊಳ್ಳಲಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವ ಅಭ್ಯಾಸವುಳ್ಳವರಿಗೆ ಈ ಒಂದು ಗಳಿಗೆಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ.

8. ಮುಕ್ತಾಯ

ನಿವೃತ್ತನಾದ ಮೇಲೆ ನಾನು ಒಂದು ದಿನ ಆ ಮೌನಿಯ ಮನೆಗೆ ಹೋಗಿದ್ದೆನು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆನಾದರೂ, ಅವರ ಮುಂದೆ ಕುಳಿತಾಗ ನನಗೇ ಮಾತು ಹೊರಡಲಿಲ್ಲ. ಅವರ ಪತ್ನಿಯವರು ಮಂಡಕ್ಕಿ, ಚಹ ತಂದಿಟ್ಟರು. ಬಹು ಹೊತ್ತಿನ ಮೇಲೆ ಅವರೇ ಹೇಳಿದರು: ‘ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ ಸಾರ್. ಸಭೆಯಲ್ಲಿ ಒಂದು ಸಲ ನನ್ನ ಹೆಸರು ಹಿಡಿದು ಕೇಳಿದ್ದರೆ ಹೇಳುತ್ತಿದ್ದೆ. ಆದರೆ ಒಂದು ಸಲ ನಾನೇ ಎದ್ದು ನಿಂತು ಹೇಳಬಹುದಾಗಿತ್ತು, ಅದೂ ನಿಜ.’ ತಮಗೆ ಅನ್ಯಾಯ ಮಾಡಿದವನ ತಪ್ಪನ್ನು ಅರ್ಧಕ್ಕೆ ಹಂಚಿಕೊಳ್ಳುವ ಆ ದೊಡ್ಡತನವನ್ನು ನಾನು ಯಾವ ವರದಿಯಲ್ಲಿಯೂ ಬರೆದಿರಲಿಲ್ಲ.

ಕೆಲವರ ಬೆಳಕು ಬೀದಿಗೆ ಬೀಳುತ್ತದೆ, ಕೆಲವರದು ಮನೆಯೊಳಗೆ ಉರಿಯುತ್ತದೆ. ಎಣ್ಣೆ ಬತ್ತಿಗಳು ಶುದ್ಧವಾಗಿವೆಯೇ ಎಂದು ನೋಡುವುದು ನಮ್ಮ ಹೊಣೆ. ಮಾತಾಡುವವನಿಗೆ ಕಿವಿಯನ್ನೂ, ಮೌನಿಗೆ ಎಡೆಯನ್ನೂ, ಇಬ್ಬರಿಗೂ ನ್ಯಾಯವನ್ನೂ ಕೊಡುವ ಕಚೇರಿಯೇ ಕಾಯಕದ ನೆಲೆ.

ಮನನಕ್ಕಾಗಿ ಪ್ರಶ್ನೆಗಳು

(1) ನಿಮ್ಮ ಮನೆಯಲ್ಲಾಗಲಿ ಕೆಲಸದ ಸ್ಥಳದಲ್ಲಾಗಲಿ, ನೀವು ಇದುವರೆಗೆ ಅಭಿಪ್ರಾಯವನ್ನೇ ಕೇಳದಿರುವವರು ಯಾರಾದರೂ ಇದ್ದಾರೆಯೆ?

(2) ಹೇಳಬೇಕಾದುದನ್ನು ಹೇಳದೆ ಉಳಿದು, ಅದರಿಂದ ಇನ್ನೊಬ್ಬರಿಗೆ ಹಾನಿಯಾದ ಸಂದರ್ಭವು ನಿಮಗೆ ನೆನಪಿದೆಯೆ? ಅಂದು ನಿಮ್ಮನ್ನು ತಡೆದುದು ಸ್ವಭಾವವೋ, ಭಯವೋ?

(3) ನೀವು ಆಡಿದ ಮಾತಿನಲ್ಲಿ ಇನ್ನೊಬ್ಬರ ವಿಚಾರವೆಷ್ಟು? ಅವರ ಹೆಸರನ್ನು ಹೇಳಿದ್ದೀರಾ?

(4) ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಇಂದಿನ ಒಂದು ಕಚೇರಿಯ ಸಭೆಗೆ ಅನ್ವಯಿಸಿ ವಿಚಾರಿಸಿರಿ.